ಹೊಲಿಗೆಗೊಂದು ಸಹಿ

ಹೋದ ತಿಂಗಳು ಬೆಳಗಾವಿಯ ಕೋರ್ಟಿನಲ್ಲಿ ನನ್ನ ಕೇಸಿನ ಸರದಿ ಕಾಯುತ್ತ ಕುಳಿತಿದ್ದೆ. ಮೂಲೆಯ ಮೇಜಿನ ಹತ್ತಿರ ಗುಮಾಸ್ತನೊಬ್ಬ ಮೇಣದಬತ್ತಿ ಹಚ್ಚಿಕೊಂಡು, ಸಾಕ್ಷಿಗೆ ತೋರಿಸಲೆಂದು ಒಡೆದಿದ್ದ ಗಂಟೊಂದಕ್ಕೆ ಮತ್ತೆ ಮೊಹರು ಹಾಕುತ್ತಿದ್ದ. ಕೆಂಪು ಅರಗು ಕರಗಿ ಬಿಳಿ ಬಟ್ಟೆಯ ಮೇಲೆ ತೊಟ್ಟು ತೊಟ್ಟಾಗಿ ಬಿತ್ತು. ಫ್ಯಾನಿನ ಗಾಳಿಗೆ ಆ ವಾಸನೆ ನಾನಿದ್ದಲ್ಲಿಗೂ ಬಂತು. ಅತ್ತ ಸಿಹಿಯೂ ಅಲ್ಲದ, ಇತ್ತ ಸುಟ್ಟದ್ದೂ ಅಲ್ಲದ ವಾಸನೆ. ಪಕ್ಕದಲ್ಲಿದ್ದ ಜೂನಿಯರ್ ಹುಡುಗಿ, "ಮೇಡಂ, ಆರಾಮ ಇದ್ದೀರೇನ್ರೀ?" ಎಂದಳು. ಆರಾಮವಾಗಿಯೇ ಇದ್ದೆ. ಮನಸ್ಸಿನಲ್ಲೇ ಖಾನಾಪುರಕ್ಕೆ ಹೋಗಿ ಬಂದಿದ್ದೆ, ಅಷ್ಟೇ.

ಎರಡು ಸಾವಿರದ ಇಸವಿಯ ಆಸುಪಾಸು. ವಕೀಲಿ ಸನದು ಸಿಕ್ಕು ವರ್ಷವೂ ತುಂಬಿರಲಿಲ್ಲ. ಬೆಳಗಾವಿಯ ನನ್ನ ಸೀನಿಯರ್ ದೊಡ್ಡ ಕೇಸುಗಳನ್ನು ತಾವಿಟ್ಟುಕೊಂಡು, ಖಾನಾಪುರದ ಚಿಲ್ಲರೆ ಕೇಸುಗಳನ್ನು ನನ್ನ ತಲೆಗೆ ಕಟ್ಟಿದ್ದರು. ಶಿವಬಸವ ನಗರದ ಮನೆಯಿಂದ ಬೆಳಿಗ್ಗೆ ಹೊರಟು, ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿದು, ಮಚ್ಛೆಯ ಕಾರ್ಖಾನೆಗಳ ಹತ್ತಿರ ಅರ್ಧ ಬಸ್ಸು ಖಾಲಿಯಾದ ಮೇಲೆ ಸೀಟು ಸಿಕ್ಕರೆ ಕುಳಿತು, ಖಾನಾಪುರದಲ್ಲಿ ಇಳಿಯುತ್ತಿದ್ದೆ. ಕೋರ್ಟಿನಲ್ಲಿ ಹೆಣ್ಣು ವಕೀಲೆ ಅಂತ ಇದ್ದವಳು ನಾನೊಬ್ಬಳೇ. ವಕೀಲರ ಕೋಣೆಯಲ್ಲಿ ಒಂದು ಮೇಜು, ಸುತ್ತ ಕುರ್ಚಿಗಳು. ಎಲ್ಲವೂ ಯಾರ ಯಾರದೋ. ಯಾರೂ ಏಳು ಎನ್ನಲಿಲ್ಲ, ಯಾರೂ ಕೂಡು ಎಂದೂ ಅನ್ನಲಿಲ್ಲ. ನಾನು ಒಳಗೆ ಕಾಲಿಟ್ಟರೆ ನಡೆದಿದ್ದ ಮಾತು ನಿಂತುಬಿಡುತ್ತಿತ್ತು, ಹೊರಗೆ ಬಂದರೆ ಮತ್ತೆ ಶುರುವಾಗುತ್ತಿತ್ತು. ಹಾಗಾಗಿ ನಾನು ವರಾಂಡದ ಕಂಬಕ್ಕೆ ಒರಗಿ ನಿಲ್ಲುವುದನ್ನು ಕಲಿತೆ. ಆ ಕಂಬಕ್ಕೆ ನನ್ನಷ್ಟು ಪರಿಚಯದವರು ಆ ವರ್ಷ ಯಾರೂ ಇರಲಿಲ್ಲ.

ಕೋರ್ಟಿನಿಂದ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಹೊಲಿಗೆ ಅಂಗಡಿ ಇತ್ತು. ಒಬ್ಬರು ಕೂಡ್ರಲು, ಒಬ್ಬರು ನಿಲ್ಲಲು ಸಾಕಾಗುವಷ್ಟು ಜಾಗ. ಅಲ್ಲಿ ಕೂಡ್ರುತ್ತಿದ್ದವರನ್ನು ನಾನು ಕಾಕಾ ಎನ್ನುತ್ತಿದ್ದೆ. ಅರವತ್ತರ ಹತ್ತಿರದವರು. ಬಿಳಿ ಟೋಪಿ, ಕೊರಳಲ್ಲಿ ಅಳತೆ ಟೇಪು, ಮೂಗಿನ ತುದಿಗೆ ಜಾರಿದ ಕನ್ನಡಕ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗಳನ್ನು ಕೊಲ್ಲಾಪುರದ ಕಡೆಗೆ ಕೊಟ್ಟಿದ್ದರು. ಅವರೂ ದಿನವಿಡೀ ಮಾತಾಡದೆ ಇರುವ ಜಾತಿಯವರೇ.

ಮೊದಲ ಸಲ ನಾನು ಹೋದದ್ದು ಕರಿ ಕೋಟು ಹಿಡಿದುಕೊಂಡು. ಸೀನಿಯರ್ ತಮ್ಮ ಹಳೆಯ ಕೋಟನ್ನು ಕೊಟ್ಟು, "ಹೊಂದಿಸಿಕೋ" ಎಂದಿದ್ದರು. ಅದರಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಕಾಕಾ ಅದನ್ನು ತಿರುವಿ ಮುರುವಿ ನೋಡಿ, ಒಳಗಿನ ಹೊಲಿಗೆಗೆ ಮುಖ ಸಿಂಡರಿಸಿ, "ಇದು ಹೊಲದದ್ದಲ್ರೀ ಬಾಯಾರ, ಕಟ್ಟಿದ್ದು" ಎಂದರು. ಪೂರ್ತಿ ಬಿಚ್ಚಿ, ಎರಡು ದಿನದಲ್ಲಿ ಹೊಸದಾಗಿಯೇ ಮಾಡಿಕೊಟ್ಟರು. ಅವರ ಹೊಲಿಗೆಗೆ ಒಂದು ಗುರುತಿತ್ತು. ಅಂಚನ್ನು ಎರಡು ಸಲ ಮಡಚಿ, ಪಕ್ಕಪಕ್ಕದಲ್ಲೇ ಎರಡು ಸಾಲು ಟಾಕಿ ಹಾಕುತ್ತಿದ್ದರು. ಅಕ್ಕಿ ಚೀಲವಿರಲಿ, ಮದುವೆಯ ಜಂಪರಿರಲಿ, ಎರಡು ಸಾಲು ಬೀಳಲೇಬೇಕು. "ಒಂದ ಸಾಲು ಹಾಕಿದ್ರ ನನಗ ಆ ದಿನ ಉಂಡಿದ್ದು ಮೈಗೆ ಹತ್ತಂಗಿಲ್ಲ" ಎನ್ನುತ್ತಿದ್ದರು.

ಆಮೇಲೆ ದಿನವೂ ಹೋಗತೊಡಗಿದೆ. "ಬರ್ರಿ ಬಾಯಾರ, ಕುಂದರ್ರಿ" ಎಂದು ತಾವೇ ಎದ್ದು ಸ್ಟೂಲನ್ನು ಒರೆಸಿಕೊಡುತ್ತಿದ್ದರು. ಇಡೀ ಖಾನಾಪುರದಲ್ಲಿ ನನಗೆ ಕೂಡ್ರಲು ಹೇಳಿದವರು ಅವರೊಬ್ಬರೇ. ನಾನು ಬುತ್ತಿ ಬಿಚ್ಚುತ್ತಿದ್ದೆ, ಅವರು ಮಷೀನು ತುಳಿಯುತ್ತಿದ್ದರು. ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಏನೋ ಒಂದು ಮಾತು. ಮಳೆ, ಬಸ್ಸು, ಮಗಳ ಪತ್ರ... ಬರೆದಿಡುವಂಥದ್ದು ಏನೂ ಇರಲಿಲ್ಲ. ಆದರೂ ಸಂಜೆ ಬಸ್ಸಿನಲ್ಲಿ ಕುಳಿತಾಗ, ಇವತ್ತು ಯಾರೊಡನೆಯೋ ಮಾತಾಡಿದೆ ಅನ್ನಿಸುತ್ತಿತ್ತು.

ಆ ಅಂಗಡಿಗೆ ಪೊಲೀಸರೂ ಬರುತ್ತಿದ್ದರು. ಯಾವ ಠಾಣೆಯವರು, ಯಾವ ದಳದವರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಲ್ಲೋ ಹಿಡಿದ ಸಾಮಾನನ್ನು, ಅಂದರೆ ಕೋರ್ಟಿನ ಭಾಷೆಯ ಮುದ್ದೆಮಾಲನ್ನು, ಒಬ್ಬ ಪೇದೆ ತರುತ್ತಿದ್ದ. ಜೊತೆಗೆ ಒಂದು ತುಂಡು ಬಿಳಿ ಮಾದರಪಾಟ ಬಟ್ಟೆ. ಕಾಕಾ ಸಾಮಾನಿನ ಅಳತೆಗೆ ಚೀಲ ಹೊಲಿದು, ಒಳಗೆ ಇಟ್ಟು, ಬಾಯಿ ಮುಚ್ಚಿ ಹೊಲಿಯುತ್ತಿದ್ದರು. ಪೇದೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಮೇಣದಬತ್ತಿಯಲ್ಲಿ ಅರಗು ಕರಗಿಸಿ ಮೊಹರು ಒತ್ತುತ್ತಿದ್ದ. ನಾನು ಚಪಾತಿ ತಿನ್ನುತ್ತ ಆ ವಾಸನೆಯನ್ನು ಎಷ್ಟು ಸಲ ಕುಡಿದಿದ್ದೇನೋ. ಕೊನೆಗೆ ಪೇದೆ ಒಂದು ಕಾಗದ ಮುಂದೆ ಹಿಡಿಯುತ್ತಿದ್ದ. ಕಾಕಾ ಕೈ ಒರೆಸಿಕೊಂಡು, ಉರುಟುರುಟಾದ ಮರಾಠಿ ಅಕ್ಷರಗಳಲ್ಲಿ ಸಹಿ ಹಾಕುತ್ತಿದ್ದರು.

"ಯಾತಕ್ಕ ಸಹಿ, ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಹೊಲಿಗಿ ನಂದು ಅಂತ್ರೀ. ನಾಳೆ ಚೀಲ ಬಿಚ್ಚಿತು, ಸಾಮಾನು ಬಿತ್ತು ಅಂದ್ರ ಹೇಳಾಕ ಒಬ್ಬಾಂವ ಬೇಕಲ್ರೀ?" ಎಂದಿದ್ದರು, ಸ್ವಲ್ಪ ಜಂಬದಿಂದಲೇ.

ನಾನು ನಕ್ಕಿದ್ದೆ. ಹೊಸ ವಕೀಲೆ. ಎದುರಿಗೆ ನಡೆದದ್ದು ಏನೆಂದು ನನಗೂ ತಿಳಿಯಲಿಲ್ಲ.

ತಿಳಿದದ್ದು ಒಬ್ಬ ಗೌಳಿ ಹುಡುಗನ ಕೇಸು ಕೈಗೆ ಬಂದಾಗ. ಜಾಂಬೋಟಿಯ ಆಚೆ ಅಡವಿಯ ಅಂಚಿನಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಮನೆತನ. ಇಪ್ಪತ್ತೆರಡರ ಪ್ರಾಯದ ಆ ಹುಡುಗ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ಮನೆಯಿಂದ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿದ ಮೊದಲನೆಯವನು. ರಜೆಗೆ ಊರಿಗೆ ಹೋಗಿ ಸೋಮವಾರ ಬಸ್ಸಿನಲ್ಲಿ ವಾಪಸು ಬರುತ್ತಿದ್ದಾಗ, ಜಾಂಬೋಟಿಯ ಹತ್ತಿರದ ತಿರುವಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದರು. ಸೀಟಿನ ಕೆಳಗೆ ಒಂದು ರೆಕ್ಸಿನ್ ಚೀಲ, ಅದರ ತುಂಬ ಗೋವಾದ ಸಾರಾಯಿ ಬಾಟಲಿ. ಯಾರದು ಎಂದರೆ ಯಾರೂ ಬಾಯಿ ಬಿಡಲಿಲ್ಲ. ಉಳಿದವರ ಹತ್ತಿರ ತಮ್ಮ ತಮ್ಮ ಚೀಲಗಳಿದ್ದವು, ಬರಿಗೈಯಲ್ಲಿ ಕುಳಿತಿದ್ದವನು ಇವನೊಬ್ಬನೇ. ಅವನನ್ನೇ ಇಳಿಸಿದರು.

ಜಾಮೀನು ಮಂಜೂರಾಗಿತ್ತು. ಆದರೆ ಹೊಣೆ ನಿಲ್ಲುವವರು ಹೊಲದ ಉತಾರ, ಅಂದರೆ ಪಹಣಿ, ತರಬೇಕು. ತಲೆತಲಾಂತರ ಅಡವಿಯಲ್ಲಿ ಎಮ್ಮೆ ಮೇಯಿಸಿದವರಿಗೆ ಉತಾರ ಎಲ್ಲಿಂದ ಬರಬೇಕು? ಹುಡುಗ ಹಿಂಡಲಗಾ ಜೈಲಿನಲ್ಲೇ ಉಳಿದ. ಒಂದು ತಿಂಗಳು, ಎರಡು, ಮೂರು... ಕಾರ್ಖಾನೆಯವರು ಶಿಕ್ಷೆಯಾದರೆ ತಿರುಗಿ ಬರುವುದೇ ಬೇಡ ಎಂದು ಹೇಳಿ ಕಳಿಸಿದ್ದರು. ಆ ಚೀಲ ಅವನದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿದಾಗ ಅವನು, "ನಂದಲ್ರೀ" ಎಂದ. ನಂಬಬೇಕೆನಿಸಿತು, ನಂಬಿದೆ.

ದೋಷಾರೋಪ ಪಟ್ಟಿಯ ಪ್ರತಿ ಕೈಗೆ ಬಂದಾಗ ವರಾಂಡದ ಕಂಬಕ್ಕೆ ಒರಗಿಯೇ ಓದಿದೆ. ಒಬ್ಬ ಮನುಷ್ಯನ ಚೀಲಕ್ಕೆ ಕೈ ಹಾಕುವ ಮೊದಲು ಆ ಭಾಗದ ಇಬ್ಬರು ಸಂಬಂಧವಿಲ್ಲದ ಮರ್ಯಾದಸ್ಥರನ್ನು ಕರೆಯಬೇಕು, ಅವರ ಕಣ್ಣೆದುರಿಗೇ ಶೋಧ ಮಾಡಬೇಕು, ಸಿಕ್ಕಿದ್ದನ್ನು ಅಲ್ಲೇ ಬರೆದು, ಅಲ್ಲೇ ಕಟ್ಟಿ, ಮೊಹರು ಹಾಕಿ ಅವರ ಸಹಿ ಪಡೆಯಬೇಕು. ಪೊಲೀಸರ ಕೈಗೆ ಕಾಯಿದೆ ಹಾಕಿದ ಕಟ್ಟು ಇದು. ಆ ಇಬ್ಬರೇ ಪಂಚರು, ಆ ಕಾಗದವೇ ಪಂಚನಾಮೆ. ಇಲ್ಲಿಯ ಪಂಚನಾಮೆಯಲ್ಲಿ ಎಲ್ಲವೂ ಚೆಂದ ಇತ್ತು. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಜಾಂಬೋಟಿಯ ರಸ್ತೆಯ ತಿರುವಿನಲ್ಲಿ, ‘ನಮ್ಮ ಸಮಕ್ಷಮ’ ಚೀಲ ತೆಗೆದು ನೋಡಿ, ಬಾಟಲಿ ಎಣಿಸಿ, ‘ಸ್ಥಳದಲ್ಲಿಯೇ’ ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಮಾಡಲಾಯಿತು. ಕೆಳಗೆ ಒಂದನೆಯ ಪಂಚನ ಹೆಸರು. ಉದ್ಯೋಗ: ಹೊಲಿಗೆ ಕೆಲಸ. ಸಾಕಿನ್ ಖಾನಾಪುರ. ಪಕ್ಕದಲ್ಲಿ ಉರುಟುರುಟು ಮರಾಠಿ ಸಹಿ.

ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಜಾಂಬೋಟಿಗೂ ಕಾಕಾನ ಅಂಗಡಿಗೂ ಹತ್ತಾರು ಮೈಲಿ ಅಂತರ.

ಎರಡನೆಯ ಪಂಚ ಊರು ಬಿಟ್ಟಿದ್ದ, ಸಮನ್ಸು ಮುಟ್ಟಲಿಲ್ಲ. ಉಳಿದವರು ಕಾಕಾ ಒಬ್ಬರೇ. ಕೇಸು ನಿಂತದ್ದೂ ಅವರ ಸಹಿಯ ಮೇಲೆ, ಬೀಳುವುದಿದ್ದರೂ ಅವರ ಬಾಯಿಂದಲೇ. ಅದುವರೆಗೆ ಇಂಥ ಕೇಸುಗಳಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗುತ್ತಿದ್ದರು. ನಡೆದ ಒಂದೆರಡರಲ್ಲಿ ಕಾಕಾ ಕಟೆಕಟೆಗೆ ಬಂದು, ಸಹಿ ನಿಮ್ಮದೇನು ಎಂದು ಕೇಳಿದರೆ ಹೌದೆಂದು ಹೇಳಿ ಇಳಿದಿದ್ದರು. ಮುಂದೇನೂ ಅವರನ್ನು ಯಾರೂ ಕೇಳಿರಲಿಲ್ಲ.

ಸೀನಿಯರ್‌ಗೆ ಹೇಳಿದೆ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಬಾಯಾಗ ಬಂದ ತುತ್ತು. ಪಾಟೀ ಸವಾಲಿಗಿಂತ ಮೊದಲು ಆ ಮನಷ್ಯಾಗ ಒಂದಕ್ಷರ ಹೇಳಬ್ಯಾಡ. ಎದುರು ಪಕ್ಷದ ಸಾಕ್ಷಿಗೆ ವಕೀಲರು ಪಾಠ ಹೇಳೂ ಹಂಗಿಲ್ಲ" ಎಂದರು. ಕಾಯಿದೆಯ ಮಾತು ಖರೇ. ಆದರೆ ನನ್ನ ಬಾಯಿ ಮುಚ್ಚಿಸಿದ್ದು ಕಾಯಿದೆ ಒಂದೇ ಏನು? ಮೊದಲ ಕೇಸು ಗೆಲ್ಲಬೇಕೆಂಬ ಆಸೆ ಅದರ ಪಕ್ಕದಲ್ಲೇ ಕುಳಿತಿತ್ತು. ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ಏನು ಮಾಡಲಿ.

ಆ ದಿನಗಳಲ್ಲೂ ಅಂಗಡಿಗೆ ಹೋಗುತ್ತಿದ್ದೆ. ಹೋಗದಿದ್ದರೆ ಅವರು ಯಾಕೆಂದು ಕೇಳುತ್ತಾರೆ, ಹೋದರೆ ಅವರ ಮುಖ ನೋಡಿಕೊಂಡು ಕೂಡ್ರಬೇಕು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಂದು ವಾಯಿದೆಯ ದಿನ ಹುಡುಗನ ತಾಯಿ ನನ್ನನ್ನು ಹುಡುಕುತ್ತ ಅಲ್ಲಿಗೇ ಬಂದಳು. ಮಗನನ್ನು ಜೈಲಿನ ವ್ಯಾನಿನಿಂದ ಇಳಿಸುವಾಗ ಒಂದು ಕ್ಷಣ ನೋಡಲಿಕ್ಕೆಂದು, ನಸುಕಿನಲ್ಲೇ ಮನೆ ಬಿಟ್ಟು ಬಂದಿದ್ದಳು. ಅವಳ ಕೈಚೀಲದ ಹಿಡಿಕೆ ಹರಿದಿತ್ತು. ಕಾಕಾ ಕೇಳದೆಯೇ ಅದನ್ನು ತೆಗೆದುಕೊಂಡು ಮಷೀನಿಗೆ ಕೊಟ್ಟರು.

"ಯಾವ ಕೇಸವ್ವಾ?" ಎಂದರು, ಟಾಕಿ ಹಾಕುತ್ತ.

"ಬಸ್ಸಿನಾಗ ಚೀಲಾ ಸಿಕ್ಕಿತಂತ್ರೀ ಅಣ್ಣಾರ. ನನ ಮಗಂದು ಅಂತಾರ. ಅಂವಾ ಒಂದು ಬೀಡಿ ಸೈತ ಸೇದಂಗಿಲ್ಲ."

"ಪಾಪ" ಎಂದರು ಕಾಕಾ. "ಬಾಯಾರು ಅದಾರಲ್ಲ, ಬಿಡಿಸಿಕೊಂಡು ಬರ್ತಾರ. ಕಾಳಜಿ ಮಾಡಬ್ಯಾಡವ್ವಾ."

ಎರಡು ಸಾಲು ಟಾಕಿ ಬಿದ್ದ ಹಿಡಿಕೆಯನ್ನು ಎಳೆದು ನೋಡಿ, ಆ ತಾಯಿ ಕೈ ಮುಗಿದಳು. "ನಿಮ್ಮ ಕೈ ತಣ್ಣಗಿರಲಿ" ಎಂದಳು. ಕಾಕಾ ಸಂಕೋಚದಿಂದ ತಲೆ ತಗ್ಗಿಸಿದರು. ಇಬ್ಬರ ನಡುವೆ ಸ್ಟೂಲಿನ ಮೇಲೆ ನಾನು. ಮಗನನ್ನು ಒಳಗೆ ಇಟ್ಟಿರುವ ಕೈ ಯಾವುದೆಂದು ಅವಳಿಗೆ ಗೊತ್ತಿಲ್ಲ, ತಾನು ಮಾಡಿದ್ದು ಏನೆಂದು ಅವರಿಗೂ ಗೊತ್ತಿಲ್ಲ, ಗೊತ್ತಿರುವವಳು ನಾನೊಬ್ಬಳೇ. ಅಷ್ಟು ಒಂಟಿಯಾಗಿ ನಾನು ಆ ವರಾಂಡದಲ್ಲೂ ನಿಂತಿರಲಿಲ್ಲ.

ಸಾಕ್ಷಿಯ ದಿನ ಬಂತು. ಕಾಕಾ ಒಗೆದ ಟೋಪಿ ಹಾಕಿಕೊಂಡು ಕಟೆಕಟೆ ಹತ್ತಿದರು. ಕರಿ ಕೋಟಿನಲ್ಲಿದ್ದ ನನ್ನನ್ನು ನೋಡಿ, ತಾವು ಹೊಲಿದದ್ದು ಹೇಗೆ ಕೂತಿದೆ ಎಂದು ಭುಜದ ಹತ್ತಿರ ಕಣ್ಣಾಡಿಸಿದ್ದು ನನಗೆ ಗೊತ್ತಾಯಿತು. ಸರಕಾರಿ ವಕೀಲರು ಕೇಳಿದರು, ಅವರು ಸಹಿ ತಮ್ಮದೆಂದರು. ಆಮೇಲೆ ನಾನು ಎದ್ದೆ. ಮೇಜಿನ ಮೇಲಿದ್ದ ಮುದ್ದೆಮಾಲಿನ ಬಿಳಿ ಚೀಲ ಎತ್ತಿ ಅವರಿಗೆ ತೋರಿಸಿದೆ.

"ಈ ಹೊಲಿಗಿ ಯಾರದು?"

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮುಖ ಅರಳಿತು. "ನಂದ್ರೀ. ಎರಡು ಸಾಲು ಐತಿ ನೋಡ್ರಿ."

"ಕೈ ಹೊಲಿಗಿಯೋ, ಮಷೀನ್ ಹೊಲಿಗಿಯೋ?"

"ಮಷೀನ್ರೀ. ಕೈಲೆ ಇಷ್ಟು ಸಣ್ಣ ಟಾಕಿ ಬೀಳತಾವೇನ್ರೀ?"

"ಮಷೀನು ಜಾಂಬೋಟಿಗೆ ಒಯ್ದಿದ್ರೇನು?"

ಕೋರ್ಟಿನಲ್ಲಿ ಯಾರೋ ನಕ್ಕರು. ಕಾಕಾನೂ ನಕ್ಕರು. ಅಂಗಡಿಯಲ್ಲಿ ನಾನು ತಮಾಷೆ ಮಾಡಿದಾಗ ನಗುತ್ತಿದ್ದ ಹಾಗೆಯೇ. "ಮಷೀನ್ ಹೊತಗೊಂಡು ಅಡವ್ಯಾಗ ಯಾರ ಹೋಗತಾರ್ರೀ ಬಾಯಾರ? ಸಾಮಾನ ನನ್ನ ಅಂಗಡಿಗೆ ಬರತೈತಿ. ನೀವೂ ನೋಡೀರಲ್ಲ."

ಸರಕಾರಿ ವಕೀಲರು ಫೈಲಿನಿಂದ ತಲೆ ಎತ್ತಿದರು. ನ್ಯಾಯಾಧೀಶರ ಪೆನ್ನು ನಿಂತಿತು.

"ಅಂದ್ರ ಅವತ್ತು ನೀವು ಜಾಂಬೋಟಿಗೆ ಹೋಗಿರಲಿಲ್ಲ?"

"ಇಲ್ರೀ. ಯಾಕ ಹೋಗ್ಲಿ?"

"ಚೀಲದಾಗಿಂದ ಬಾಟಲಿ ತಗದದ್ದು ನೋಡಿಲ್ಲ?"

"ಇಲ್ರೀ." ಈಗ ಅವರ ನಗು ಅರ್ಧಕ್ಕೆ ನಿಂತಿತ್ತು. ಒಮ್ಮೆ ನನ್ನನ್ನು, ಒಮ್ಮೆ ನ್ಯಾಯಾಧೀಶರನ್ನು ನೋಡತೊಡಗಿದರು.

ನ್ಯಾಯಾಧೀಶರು ತಾವೇ ಕೇಳಿದರು. "ಈ ಕಾಗದದಾಗ ಏನು ಬರದೈತಿ, ಗೊತ್ತೇನು?"

"ಕನ್ನಡ ಓದಾಕ ಬರಂಗಿಲ್ರೀ ಸಾಹೇಬ್ರ. ನಂದು ಸಾಲಿ ಮರಾಠೀದು. ಸಾಮಾನು ಹೊಲದು ಕೊಟ್ಟೀನಿ ಅಂತ ಐತಿ ಅಂತ ಓದಿ ಹೇಳಿದ್ರು. ಅದಕ್ಕ ಸಹಿ ಮಾಡೀನ್ರೀ."

ಆರೋಪಿಯ ಜಾಗದಲ್ಲಿ ಹುಡುಗ ನಿಂತಿದ್ದ. ಬಾಗಿಲ ಹೊರಗೆ ಅವನ ತಾಯಿ ಇಣುಕುತ್ತಿದ್ದಳು. ಕಾಕಾ ಅವಳನ್ನು ನೋಡಿದರು. ಕೈಚೀಲವನ್ನೂ ನೋಡಿದರೆಂದು ಕಾಣುತ್ತದೆ. ಮತ್ತೆ ನನ್ನ ಕಡೆ ತಿರುಗಲಿಲ್ಲ. ಕಟೆಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನೆಲ ನೋಡುತ್ತ ಉಳಿದರು. ನಾನು "ಮತ್ತೇನೂ ಕೇಳುವುದಿಲ್ಲ" ಎಂದು ಕುಳಿತೆ. ಒಳಗೆಲ್ಲೋ ಸಂತೋಷವಾಗುತ್ತಿತ್ತು. ಆ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹುಡುಗ ಬಿಡುಗಡೆಯಾದ. ತಾಯಿ ನನ್ನ ಕಾಲಿಗೆ ಬೀಳಲು ಬಂದಳು, ನಾನು ಹಿಂದೆ ಸರಿದೆ. ವಕೀಲರ ಕೋಣೆಯಲ್ಲಿ ಅವತ್ತು ಒಬ್ಬರು ಎದ್ದು ನನಗೆ ಕುರ್ಚಿ ಕೊಟ್ಟರು. ಕುಳಿತುಕೊಂಡೆ... ಎಷ್ಟು ಹೊತ್ತು ಕುಳಿತಿದ್ದೆನೋ. ಸಂಜೆ ಸ್ಟ್ಯಾಂಡಿಗೆ ಬಳಸು ದಾರಿಯಿಂದ ಹೋದೆ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ ಎನ್ನುತ್ತಾರಲ್ಲ, ನನಗೆ ನೆನಪಿತ್ತು, ಮುಖ ತೋರಿಸುವ ಧೈರ್ಯ ಇರಲಿಲ್ಲ.

ತೀರ್ಪಿನ ಪ್ರತಿ ಕೈಗೆ ಬಂದಾಗ ಪುಟ ತಿರುಗಿಸುತ್ತ ಆ ಸಾಲಿಗೆ ಬಂದು ನಿಂತೆ. ‘ಒಂದನೆಯ ಪಂಚ ಸಾಕ್ಷಿಯು ಕೃತ್ಯದ ಸ್ಥಳಕ್ಕೆ ಹೋಗದೆಯೇ ಪೊಲೀಸರು ಹೇಳಿದಂತೆ ಸಹಿ ಮಾಡುವ ರೂಢಿಯವನಾಗಿದ್ದು, ನಂಬಿಕೆಗೆ ಅರ್ಹನಾದ ವ್ಯಕ್ತಿಯಲ್ಲ.’ ತಪ್ಪಿಲ್ಲ. ಕಾಯಿದೆಯ ಲೆಕ್ಕದಲ್ಲಿ ಹಾಗೆಯೇ ಬರೆಯಬೇಕು. ಬಾಯಿ ಬಿಟ್ಟು ಒಂದೂ ಸುಳ್ಳಾಡದೆ ಇದ್ದು, ಸುಳ್ಳು ಕಾಗದಕ್ಕೆ ಸಹಿ ಹಾಕಿದ ಮನುಷ್ಯನಿಗೆ ತೀರ್ಪಿನಲ್ಲಿ ಬೇರೆ ಜಾಗ ಇರುವುದಿಲ್ಲ.

ಅದರ ಮರುವಾರ ಅವರೇ ಕೋರ್ಟಿನ ಗೇಟಿನ ಹತ್ತಿರ ನಿಂತಿದ್ದರು. "ಬಾಯಾರ, ಅಂಗಡಿ ಕಡೆ ಬರೂದ ಬಿಟ್ಟಬಿಟ್ರಿ" ಎಂದರು, ಆಕ್ಷೇಪಣೆಯ ದನಿಯೇ ಇಲ್ಲದೆ. ಹೋದೆ. ಸ್ಟೂಲು ಒರೆಸಿಕೊಟ್ಟರು. ಮಷೀನಿನ ಮೇಲೆ ಹೊಲಿಯುವ ಬಟ್ಟೆ ಏನೂ ಇರಲಿಲ್ಲ. ಪೊಲೀಸರು ಬರುವುದು ನಿಂತಿತ್ತು, ಅದು ಹೋಗಲಿ. ಹಿಂದೆ ಯಾವುದೋ ಕೇಸಿನಲ್ಲಿ ಶಿಕ್ಷೆಯಾದವರ ಮನೆಯವರು ಬಂದು ಅಂಗಡಿ ಮುಂದೆ ನಿಂತು ಬೈದು ಹೋಗಿದ್ದರು. ಅದನ್ನು ನೋಡಿದ ಓಣಿಯ ಹೆಂಗಸರು ಜಂಪರು ಕೊಡಲು ಬರುತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಹಿಡಿದವಳು ನಾನು.

"ಮೊದಲು ಸಹಿ ಮಾಡಿದ್ದೆಲ್ಲಾ ಹಿಂಗ ಇದ್ದೂವೇನ್ರೀ?" ಎಂದು ಕೇಳಿದರು. "ಎಷ್ಟು ಮಂದಿ ಒಳಗ ಹೋದ್ರು ನನ್ನ ಹೊಲಿಗಿ ಮ್ಯಾಲೆ?"

"ಬಹಳ ಮಂದಿ ತಾವ ಒಪ್ಪಿಕೊಂಡಾರ, ಕಾಕಾ. ನಿಮ್ಮ ಸಹಿಯಿಂದಲ್ಲ" ಎಂದೆ. ಅರ್ಧ ನಿಜ. ಉಳಿದರ್ಧ ಅವರಿಗೂ ಗೊತ್ತಿತ್ತು.

ಖಾಲಿ ಮಷೀನಿನ ಮೇಲೆ ಕೈಯಾಡಿಸಿ, "ಸಾಹೇಬ್ರು ನನ್ನ ಬಗ್ಗೆ ಏನರ ಬರದಾರೇನ್ರೀ? ಓದಿ ಹೇಳ್ರಿ" ಎಂದರು.

ಪ್ರತಿ ನನ್ನ ಚೀಲದಲ್ಲೇ ಇತ್ತು. ತೆಗೆದೆ. ಆ ಸಾಲಿನ ಮೇಲೆ ಬೆರಳಿಟ್ಟೆ. ಖರೇ ಹೇಳುತ್ತೇನೆ, ಅದನ್ನೇ ಓದಬೇಕೆಂದೇ ಬಾಯಿ ತೆರೆದಿದ್ದೆ. ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ದೇವರ ಮುಂದೆ ಕುಳಿತವರ ಹಾಗೆ ಕುಳಿತಿದ್ದರು. "‘ಒಂದನೆಯ ಪಂಚ ಸಾಕ್ಷಿಯು ಯಾರಿಗೂ ಅಂಜದೆ ಸತ್ಯವನ್ನು ನುಡಿದಿದ್ದು, ಇಂಥವರಿಂದಲೇ ನ್ಯಾಯ ಉಳಿದಿದೆ’" ಎಂದು ಓದಿದೆ. ಕೋರ್ಟಿನ ಭಾಷೆ ನನಗೆ ಅಷ್ಟರಲ್ಲಿ ಚೆನ್ನಾಗಿ ರೂಢಿಯಾಗಿತ್ತು.

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದೆ. ಆದರೆ ಇಲ್ಲದ್ದನ್ನು ಎರಡು ಸಲ ಒಂದೇ ಥರ ಓದುವುದು ಸುಲಭವಲ್ಲ. ಒಂದು ಶಬ್ದ ಹಿಂದು ಮುಂದಾಯಿತು, ಒಂದು ಬಿಟ್ಟು ಹೋಯಿತು. ಅವರು ತಲೆಯಾಡಿಸಿದರು. "ನನಗೊಂದು ಝೆರಾಕ್ಸ್ ಕೊಡ್ರಿ, ಮನ್ಯಾಗ ಇಟಗೋತೀನಿ" ಎಂದರು. ಕೊಟ್ಟೆ. ಕನ್ನಡ ಬಾರದವರು, ದೇವರ ಪಟದ ಹಿಂದೆ ಇಟ್ಟುಕೊಳ್ಳುತ್ತಾರೆ, ಇರಲಿ, ಅಷ್ಟಾದರೂ ಸಮಾಧಾನ ಸಿಗಲಿ ಅಂದುಕೊಂಡೆ. ಅವರಿಗೆ ಉಪಕಾರ ಮಾಡಿದೆ ಎಂದೇ ನಂಬಿ ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಸೀನಿಯರ್ ನನ್ನನ್ನು ಬೆಳಗಾವಿಯ ಕೋರ್ಟಿಗೇ ಇಟ್ಟುಕೊಂಡರು. ಕೇಸು ಗೆದ್ದವಳಲ್ಲವೆ. ಆರೇಳು ತಿಂಗಳ ಮೇಲೆ ಯಾವುದೋ ಕೆಲಸಕ್ಕೆ ಖಾನಾಪುರಕ್ಕೆ ಹೋದಾಗ ಅಂಗಡಿಗೆ ಬೀಗ ಬಿದ್ದಿತ್ತು. ಕೇಳಿಕೊಂಡು ಮನೆಗೆ ಹೋದೆ. ಹಂಚಿನ ಮನೆ, ಮುಂದೆ ಕಟ್ಟೆ. ಕಾಕಾ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ತೊಡೆಯ ಮೇಲೆ ಒಂದನೆಯ ಇಯತ್ತೆಯ ಕನ್ನಡ ಪುಸ್ತಕ. ಅದರ ಪಕ್ಕದಲ್ಲಿ, ಮಡಿಕೆ ಬಿದ್ದಲ್ಲಿ ಸವೆದುಹೋದ ನನ್ನ ಝೆರಾಕ್ಸು.

"ಬರ್ರಿ ಬಾಯಾರ" ಎಂದರು. "ಬಸ್ಸಿನ ಬೋರ್ಡು ಓದಕೋತ ಓದಕೋತ ಕಲತೆ. ಕೂಡಿಸಿ ಕೂಡಿಸಿ ಓದತೀನಿ. ಕುಂದರ್ರಿ, ಓದತೀನಿ, ತಪ್ಪಿದ್ರ ಹೇಳ್ರಿ."

ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕಾಗದ ಬಿಡಿಸಿಕೊಂಡಿದ್ದರು. ಅವರು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಪೊ-ಲೀ-ಸ-ರು... ಹೇ-ಳಿ-ದಂ-ತೆ... ಸಹಿ ಮಾಡುವ... ನಂ-ಬಿ-ಕೆ-ಗೆ ಅ-ರ್ಹ-ನಾ-ದ... ಕೊನೆಯ ಶಬ್ದವನ್ನು ತಡವರಿಸದೆ ಓದಿದರು. ಅದಾಗಲೇ ಬಹಳ ಸಲ ಓದಿದ್ದರು ಎಂದು ಅದರಿಂದಲೇ ತಿಳಿಯಿತು.

"ತಪ್ಪೈತೇನ್ರೀ?"

"ಇಲ್ಲ ಕಾಕಾ. ಸರಿ ಓದಿದ್ರಿ."

ಕಾಗದವನ್ನು ಹಳೆಯ ಮಡಿಕೆಗೇ ಮಡಚಿದರು. ನನ್ನ ಕಡೆ ನೋಡಿದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತು, ಕಾಲು ಹಿಡಿದು, ಹಗುರಾಗಿ ಬರುತ್ತಿದ್ದೆ.

"ಸಾಹೇಬ್ರು ಬರದದ್ದಕ್ಕ ನನಗ ಬ್ಯಾಸರ ಇಲ್ರೀ ಬಾಯಾರ. ಖರೇನ ಬರದಾರ. ನೀವು ಕೋರ್ಟಿನಾಗ ಕೇಳಿದ್ದಕ್ಕೂ ಬ್ಯಾಸರ ಇಲ್ಲ, ಆ ಹುಡುಗಾ ಬಿಟ್ಟು ಬಂದಾ, ಚಲೋ ಆತು." ಮಡಚಿದ ಕಾಗದವನ್ನು ಪುಸ್ತಕದೊಳಗೆ ಇಟ್ಟರು. "ಓದಾಕ ಬರಂಗಿಲ್ಲಂತ ಪೊಲೀಸ್ರೂ ಇಲ್ಲದ್ದ ಓದಿ ಹೇಳಿದ್ರು. ನೀವೂ ಇಲ್ಲದ್ದ ಓದಿ ಹೇಳಿದ್ರಿ."

ಅವರು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಕುಡಿದೆ. ಬಸ್ಸಿನ ಹೊತ್ತಾಯಿತು ಎಂದು ಅವರೇ ನೆನಪಿಸಿದರು. ಮತ್ತೊಮ್ಮೆ ಹೋಗಬೇಕು, ಕುಳಿತು ಮಾತಾಡಬೇಕು ಎಂದು ಎರಡು ವರ್ಷ ಅಂದುಕೊಳ್ಳುತ್ತ ಇದ್ದೆ. ಆಮೇಲೆ ಯಾರೋ, ಅವರು ಮಗಳ ಊರಿಗೆ ಹೋದರೆಂದೂ ಅಲ್ಲಿಯೇ ತೀರಿಕೊಂಡರೆಂದೂ ಹೇಳಿದರು. ಮಣ್ಣಿಗೂ ಹೋಗಲಿಲ್ಲ, ಮಗಳಿಗೆ ಒಂದು ಪತ್ರವನ್ನೂ ಬರೆಯಲಿಲ್ಲ.

ಈಗ ನನಗೆ ನನ್ನದೇ ಕೋಣೆ ಇದೆ, ಕುರ್ಚಿಗಳಿವೆ. ಪೊಲೀಸರ ಶೋಧ ಎಲ್ಲಿ ಗೆರೆ ದಾಟುತ್ತದೆ ಎಂದು ಜೂನಿಯರುಗಳಿಗೆ ಪಾಠ ಹೇಳುತ್ತೇನೆ, ಪಂಚರನ್ನು ಸವಾಲು ಮಾಡುವುದರಲ್ಲಿ ನನ್ನ ಹೆಸರು ಹೇಳುತ್ತಾರೆ. ಓದು ಬಾರದವರು ಬಂದು ಕಾಗದ ಮುಂದಿಟ್ಟರೆ ಮಾತ್ರ ಒಬ್ಬಳೇ ಓದಿ ಹೇಳುವುದಿಲ್ಲ. ಯಾರನ್ನಾದರೂ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತೇನೆ, ನಾನು ಓದಿದ್ದು ಅದರಲ್ಲಿ ಇದೆಯೇ ನೋಡು ಎನ್ನುತ್ತೇನೆ. ಜೂನಿಯರುಗಳು ಇದನ್ನು ನನ್ನ ಶಿಸ್ತು ಅಂದುಕೊಂಡಿದ್ದಾರೆ. ಕಾಕಾಗೆ ಆ ಸಾಲನ್ನು ಇದ್ದ ಹಾಗೆ ಓದಿ, ಆಮೇಲೆ ಅವರ ಪಕ್ಕದಲ್ಲಿ ಸುಮ್ಮನೆ ಕೂಡ್ರಬೇಕಾಗಿತ್ತು. ಅಷ್ಟೇ ಇದ್ದದ್ದು ಕೆಲಸ. ಅದನ್ನು ಅವರು ಅರವತ್ತರ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿತು, ಒಬ್ಬರೇ ಕುಳಿತು ಓದಿಕೊಂಡರು.